ಅಕ್ಕನ ಬಾಕಿ ಪದಗಳು

ನನ್ನ ಕಂಪ್ಯೂಟರಿನಲ್ಲಿ ಅಕ್ಕನ ಹೆಸರಿನದೊಂದು ಕಡತ ಇನ್ನೂ ಇದೆ. ಅದನ್ನು ತೆರೆದರೆ ಪರದೆಯ ಮೇಲ್ಗಡೆ ಒಂದು ಅಂಕಿ ಕಾಣುತ್ತದೆ. ಇವತ್ತಿನೊಳಗೆ ಅವಳು ನೆನಪು ಮಾಡಿಕೊಳ್ಳಬೇಕಾಗಿದ್ದು, ಮಾಡಿಕೊಳ್ಳದೆ ಉಳಿದ ಪದಗಳ ಬಾಕಿ ಅದು. ದಿನ ಕಳೆದಂತೆ ಏರುತ್ತದೆ. ನಾನು ಅದನ್ನು ಅಳಿಸಿಲ್ಲ. ಅವಳ ಪರವಾಗಿ ಉತ್ತರವನ್ನೂ ಒತ್ತಿಲ್ಲ.

ಪದಗಳು ಎಸ್ಪೆರಾಂಟೊ ಭಾಷೆಯವು. ಯಾವ ಊರಿನಲ್ಲೂ ತಾನಾಗಿ ಹುಟ್ಟದ, ನೂರು ವರ್ಷಕ್ಕೂ ಹಿಂದೆ ಒಬ್ಬ ವೈದ್ಯ ಕೂತು ಕಟ್ಟಿದ ಭಾಷೆ ಅದು. ಯೂನಿವರ್ಸಿಟಿಯಲ್ಲಿ ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಅದರ ಪದಗಳನ್ನೂ ಅವನ್ನು ಕಲಿಸುವ ತಂತ್ರಾಂಶವನ್ನೂ ಸೀಡಿಯಲ್ಲಿ ಹಾಕಿಕೊಟ್ಟಿದ್ದಳು. ತಂತ್ರಾಂಶದ ಕೆಲಸ ಸರಳ. ಅದು ಒಂದು ಪದ ತೋರಿಸುತ್ತದೆ. ನಾವು ಅರ್ಥ ನೆನೆಸಿಕೊಂಡು, ಉತ್ತರ ನೋಡಿ, ನೆನಪಿತ್ತೋ ಇಲ್ಲವೋ ಎಂದು ನಾವೇ ಒತ್ತಬೇಕು. ನೆನಪಿದ್ದ ಪದ ಮೊದಲು ಕೆಲವು ದಿನ, ಆಮೇಲೆ ಕೆಲವು ವಾರ, ಆಮೇಲೆ ತಿಂಗಳುಗಟ್ಟಲೆ ಕಣ್ಮರೆಯಾಗುತ್ತದೆ. ಮರೆತದ್ದು ಅವತ್ತೇ ಮತ್ತೆ ಎದುರಿಗೆ ಬರುತ್ತದೆ. ಯಾವ ಪದವನ್ನು ನಾವು ಯಾವಾಗ ಮರೆಯಬಹುದೆಂದು ಅದು ಲೆಕ್ಕ ಹಾಕಿ, ಅದಕ್ಕೆ ಸ್ವಲ್ಪ ಮುಂಚೆ ಬಂದು ಕೇಳುತ್ತದೆ.

ಮೊದಲು ಅದು ನನ್ನ ಹವ್ಯಾಸವಾಗಿತ್ತು. ಅಕ್ಕನದಾದದ್ದು ಒಂದು ಹೆಣ್ಣು ನೋಡುವ ಶಾಸ್ತ್ರದ ನಂತರ.

ಅಕ್ಕ ಬಿ.ಎ. ಮುಗಿಸಿ ನಾಲ್ಕು ವರ್ಷದಿಂದ ಮನೆಯಲ್ಲಿದ್ದಳು. ನಾನು ಎಂ.ಎಸ್ಸಿ. ಮುಗಿಸಿ, ಹೆದ್ದಾರಿ ಪಕ್ಕದ ಹೊಸ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಬಣ್ಣ ಪರೀಕ್ಷಿಸುವ ಲ್ಯಾಬಿಗೆ ಸೇರಿದ್ದೆ. ನಮ್ಮೂರು ರಾಮನಗರ ಆಗಷ್ಟೇ ಜಿಲ್ಲೆಯಾಗಿತ್ತು. ಹುಡುಗಿಯರು ಕಂಪನಿ ಬಸ್ಸು ಹತ್ತುವುದು ಬೀದಿಯವರಿಗೆ ಆಗಿನ್ನೂ ನಿಂತು ನೋಡುವ ಸಂಗತಿ. ಅವತ್ತು ಬಂದಿದ್ದ ಗಂಡಿನ ದೊಡ್ಡಮ್ಮ ಚಕ್ಕುಲಿ ಮುರಿಯುತ್ತಾ, "ಇಂಗ್ಲಿಷು ಬತ್ತದೇನವ್ವಾ? ಎಲ್ಲಿ, ಒಂದೆರಡು ಮಾತಾಡು ನೋಡಾನ," ಎಂದರು. ಅಕ್ಕ ಒಂದು ವಾಕ್ಯ ಶುರು ಮಾಡಿ ನಡುವೆ ನಿಂತಳು. ಗಂಡಿನ ಭಾವಮೈದುನ, "ಗಾಡಿ ಪಂಚರ್ ಆಗೋಯ್ತು ಕಣ್ಲಾ," ಎಂದ. ಎಲ್ಲರೂ ನಕ್ಕರು. ಅಪ್ಪನೂ ಸಣ್ಣಗೆ ನಕ್ಕರು, ಬಂದವರ ಮರ್ಯಾದೆಗೆ.

ಮಾರನೆಯ ಸಂಜೆ ಅಕ್ಕ ನನ್ನ ಕುರ್ಚಿಯ ಹಿಂದೆ ಬಂದು ನಿಂತಳು.

"ಈ ಭಾಷೆ ಈ ಊರಲ್ಲಿ ಇನ್ಯಾರ್ಗಾದ್ರೂ ಬತ್ತದಾ?"

"ಇಲ್ಲ."

"ಚನ್ನಪಟ್ಟಣದಲ್ಲಿ? ಕನಕಪುರದಲ್ಲಿ?"

"ಯಾರಿಗೂ ಬರಲ್ಲ ಕಣೆ."

"ಅಂದ್ರೆ ತಪ್ಪು ಮಾಡುದ್ರೆ ನಗೋರು ಯಾರೂ ಇಲ್ಲ. ಸರಿ, ನಂಗೂ ಒಂದು ಹಾಕ್ಕೊಡು."

ಅವಳಿಗೆ ಬೇರೆ ಕಡತ ಮಾಡಿಕೊಟ್ಟೆ.

ಮಗ್ಗಕ್ಕೆ ಹೋಗುವ ಮುಂಚೆ ರೇಷ್ಮೆ ಎಳೆಗಳನ್ನು ಸೇರಿಸಿ ಹುರಿ ಮಾಡುವುದು ನಮ್ಮ ಮನೆಯ ಕೆಲಸ. ಮುಂದಿನ ಹಜಾರದಲ್ಲಿ ಯಂತ್ರ, ಹಿಂದೆ ನಾವು. ಬೆಳಿಗ್ಗೆಯಿಂದ ಸಂಜೆಯವರೆಗೆ ಕದಿರುಗಳ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅದಕ್ಕೇ ನಮ್ಮ ಮನೆಯವರೆಲ್ಲ ದೊಡ್ಡ ಗಂಟಲಿನವರು, ನನ್ನೊಬ್ಬಳನ್ನು ಬಿಟ್ಟು. ಗಂಟಲೂ ಸಾಲದ ಕಡೆ ಕೈಸನ್ನೆ. ತೋರುಬೆರಳು ಕೊಕ್ಕೆ ಮಾಡಿದರೆ ಎಳೆ ಕಿತ್ತಿದೆ ಎಂದರ್ಥ. ಎರಡು ಬೆರಳು ಉಜ್ಜಿ ತೋರಿಸಿದರೆ ಗಂಟು ಹಾಕು ಎಂದು. ಅಂಗೈ ಕೆಳಮುಖ ಮಾಡಿ ಗಾಳಿಯಲ್ಲಿ ಒಮ್ಮೆ ಸವರಿದರೆ, ಬಿಡು, ಓಡಲಿ ಎಂದು. ಉರುಳೆಯಲ್ಲಿ ನೂಲು ಮುಗಿಯುತ್ತಾ ಬಂದಾಗ ಎಳೆ ಕಿತ್ತರೆ ಅದಕ್ಕೆ ಗಂಟು ಹಾಕುವುದಿಲ್ಲ. ಉಳಿದಿರುವುದು ಗಂಟಿನ ಶ್ರಮಕ್ಕೆ ಸಾಟಿಯಲ್ಲ. ಆ ಕದಿರು ಬರಿದೇ ತಿರುಗುತ್ತಿರುತ್ತದೆ. ಯಾವುದಕ್ಕೆ ಗಂಟು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವುದರಲ್ಲಿ ಅಕ್ಕನ ಕಣ್ಣು ಅಪ್ಪನಿಗಿಂತ ಚುರುಕು.

ಕಲಿಯುವುದರಲ್ಲಿ ಅವಳು ಬೇಗ ನನ್ನನ್ನು ದಾಟಿದಳು. ಅರ್ಧ ನೆನಪಾದದ್ದನ್ನು ನಾನು ನೆನಪಿತ್ತು ಎಂದು ಒತ್ತುತ್ತಿದ್ದೆ. ಅವಳು ಒಂದಕ್ಷರ ಅನುಮಾನವಿದ್ದರೂ ಮರೆತೆ ಎಂದೇ ಒತ್ತುತ್ತಿದ್ದಳು. "ಮಿಷನ್ನಿಗೆ ಸುಳ್ಳು ಹೇಳಿ ಏನ್ ಬಂತು? ನಾಳೆ ನಂಗೇ ತಾನೆ ಬೇಕಾಗೋದು?" ಎನ್ನುತ್ತಿದ್ದಳು. ಕರೆಂಟು ಹೋದಾಗ ಕದಿರುಗಳೆಲ್ಲ ನಿಧಾನವಾಗಿ ನಿಲ್ಲುತ್ತಿದ್ದವು. ಆ ಮೌನದಲ್ಲಿ ಅವಳು ಅಡುಗೆಮನೆಯಿಂದ ಕೂಗಿ ಕೇಳುವಳು: "ನೂಬೊ?" ನಾನು, "ಮೋಡ." "ಫಾದೇನೊ?" "ದಾರ." ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ, "ಕೊಕ್ಕರೆಗಳಂಗೆ ಏನ್ ಕಿರ್ಚ್ತೀರಮ್ಮೀ! ಬೀಗರು ಕೇಳುಸ್ಕಂಡ್ರೆ ದೆವ್ವ ಮೆಟ್ಕಂಡದೆ ಅಂತಾರೆ," ಎನ್ನುವರು. ಅಕ್ಕ ಆ ಭಾಷೆಯಲ್ಲೇ ಅಮ್ಮನಿಗೆ ಉತ್ತರ ಕೊಡುವಳು. ಆ ದಿನಗಳಲ್ಲಿ ಅವಳು ನಗುತ್ತಿದ್ದಷ್ಟು ಮತ್ತೆ ನಗಲಿಲ್ಲ.

ಕೊನೆಗೆ ಒಪ್ಪಿಗೆಯಾದ ಸಂಬಂಧ ಮಾಗಡಿ ಕಡೆಯದು. ಹೊಲ, ತೆಂಗಿನ ತೋಟ ಇದ್ದ ಮನೆ. ಭಾವ ಟೆಂಪೊ ಇಟ್ಟುಕೊಂಡು ಸುತ್ತಲ ಹಳ್ಳಿಗಳ ಹೆಂಗಸರನ್ನು ಕಾರ್ಖಾನೆಗಳಿಗೆ ಕರೆತಂದು ಬಿಡುವ ಕಂಟ್ರಾಕ್ಟು ಮಾಡುತ್ತಿದ್ದರು. ಅವರಿಗೆ ಇಂಗ್ಲಿಷಿನ ಗೊಡವೆ ಇರಲಿಲ್ಲ. ಅಕ್ಕನಿಗೆ ಅದೇ ಸಾಕಾಗಿತ್ತು.

ಆ ಮನೆಯಲ್ಲಿ ಮೊಬೈಲು ಒಂದೇ, ಭಾವ ಮನೆಯಲ್ಲಿಟ್ಟು ಹೋಗುತ್ತಿದ್ದದ್ದು. ಅದಕ್ಕೆ ದೊಡ್ಡ ಸ್ಪೀಕರು. ಸೊಸೆಯ ತವರಿನ ಫೋನೆಂದರೆ ಮನೆಮಂದಿಯೆಲ್ಲ ಸುತ್ತ ಕೂತು ಕೇಳುವುದು ಅಲ್ಲಿನ ಪದ್ಧತಿ. ಅದರಲ್ಲಿ ಕೆಡುಕು ಇರಲಿಲ್ಲ, ಅವರಿಗೆ ಅದು ಪ್ರೀತಿಯೇ. ಭಾನುವಾರ ನಾನು ಫೋನು ಮಾಡಿದೊಡನೆ ಅಕ್ಕನ ಅತ್ತೆಯ ದನಿ ಬರುತ್ತಿತ್ತು. "ಯಾರು, ಚಿಕ್ಕವಳಾ? ಇರವ್ವ, ಲೌಡಾಗಿ ಹಾಕ್ತೀನಿ. ಎಲ್ರೂ ಅವ್ರೆ. ಮಳೆ ಬಂತಾ ನಿಮ್ ಕಡೆ?"

ಎರಡನೆಯ ವಾರವೋ ಮೂರನೆಯ ವಾರವೋ ಅಕ್ಕ ನಡುವೆ ನಮ್ಮ ಭಾಷೆಯ ಒಂದು ವಾಕ್ಯ ಹಾಕಿದಳು. ಇಲ್ಲಿ ನನ್ನ ದನಿ ದೊಡ್ಡದೆಂದು ಎಲ್ಲರೂ ನಗುತ್ತಾರೆ ಎಂದು. ಅತ್ತೆಗೆ ಭಾರಿ ಖುಷಿಯಾಯಿತು. "ಅದ್ಯಾವ ಭಾಷೆ ಕಣವ್ವಾ? ತಮಿಳಲ್ಲ, ತೆಲುಗಲ್ಲ. ಒಸಿ ನಮ್ಗೂ ಹೇಳ್ಕೊಡ್ರಿ." ಅಕ್ಕ, "ಕಂಪ್ಯೂಟರ್ ಕೋರ್ಸಿಂದು ಅತ್ತೆ, ಮರ್ತೋಯ್ತದೆ ಅಂತ ಹೇಳ್ಕಳ್ಳೋದು," ಎಂದಳು. ಅಲ್ಲಿಂದ ಪ್ರತಿ ವಾರ ಅತ್ತೆಯೇ ನೆನಪಿಸುವರು: "ನಿಮ್ ಕಂಪ್ಯೂಟರ್ ಭಾಷೆ ಆಡ್ಲಿಲ್ವಲ್ರವ್ವಾ ಇವತ್ತು!"

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಹಾಗೆ ಅವರು ನೆನಪಿಸಿದಾಗ ಅಕ್ಕ ಮೂರು ಪದ ಹೇಳಿದಳು. ‘ಲಿ ಬಾತಸ್ ಮಿನ್.’ ಅವರು ನನ್ನನ್ನು ಹೊಡೆಯುತ್ತಾರೆ.

ದನಿಯಲ್ಲಿ ಏನೂ ಇರಲಿಲ್ಲ. ಪಾಠ ಒಪ್ಪಿಸಿದಂತೆ ಹೇಳಿದಳು. ಆ ಕ್ರಿಯಾಪದವನ್ನು ನಾವಿಬ್ಬರೂ ಒಂದೇ ಸಂಜೆ ಕಲಿತಿದ್ದೆವು, ಬೇಯಿಸು, ಸ್ನಾನ ಮಾಡು ಎಂಬವುಗಳ ಜೊತೆ.

"ಹಂಗಂದ್ರೇನವ್ವ?" ಅತ್ತೆ ಕೇಳಿದರು.

"ನಿಮ್ ಮಗ ಚೆನ್ನಾಗವ್ರೆ ಅಂದೆ ಅತ್ತೆ."

ಅವರ ಹಜಾರದಲ್ಲಿ ನಗು ಎದ್ದಿತು. "ಕೇಳುಸ್ಕಂಡ್ಯಾ ಮಗಾ, ನಿನ್ ಹೆಂಡ್ತಿ ಎಂಗ್ ಹೊಗುಳ್ತಾಳೆ!" ಎಂದು ಅವರು ಕೂಗಿದರು. ದೂರದಿಂದ ಭಾವನ ದನಿ, "ನೆಟ್ಗೆ ಕನ್ನಡದಲ್ಲಿ ಹೊಗುಳ್ಬಾರ್ದಾ," ಎಂದಿತು. ಮತ್ತೆ ನಗು.

ಸೋಮವಾರ ಬೆಳಿಗ್ಗೆ ಭಾವನ ಟೆಂಪೊ ಎಂದಿನಂತೆ ನಮ್ಮ ಕಾರ್ಖಾನೆಯ ಗೇಟಿನ ಮುಂದೆ ನಿಂತಿತ್ತು. ಹೆಂಗಸರು ಊಟದ ಡಬ್ಬಿ ಹಿಡಿದು ಇಳಿಯುತ್ತಿದ್ದರು. ಭಾವ ಕಿಟಕಿಯಿಂದ ತಲೆ ಹಾಕಿ, "ಏನ್ ಮೇಡಂ, ಆರಾಮಾ? ನಿಮ್ಮಕ್ಕ ತಂಬಿಟ್ಟು ಕೊಟ್ಟವ್ಳೆ, ತಕಳಿ," ಎಂದು ಪೊಟ್ಟಣ ಚಾಚಿದರು. ನಾನು ತೆಗೆದುಕೊಂಡೆ. ಆ ದಿನ ಲ್ಯಾಬಿನಲ್ಲಿ ಬಣ್ಣದ ಮಾದರಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದೆ, ಯಾವುದೂ ಕಣ್ಣಿಗೆ ಹತ್ತುತ್ತಿರಲಿಲ್ಲ.

ಸಂಜೆ ಅಮ್ಮನಿಗೆ ಹೇಳಿದೆ. ಅಮ್ಮ ಒಲೆಯ ಕಡೆ ತಿರುಗಿಕೊಂಡು, "ಫೋನಲ್ಲಿ ಏನೋ ಆಡ್ಕತೀರ, ಅದ್ರಲ್ಲಿ ಅರ್ಥ ಹುಡುಕ್ತೀಯ. ಮನೆ ಅಂದ್ಮೇಲೆ ಒಂದ್ ಮಾತು ಬತ್ತದೆ, ಹೋಯ್ತದೆ," ಎಂದರು. ಅಪ್ಪನಿಗೆ ಹೇಳಲು ಹಜಾರಕ್ಕೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಯಂತ್ರದ ಸ್ವಿಚ್ಚು ಹಾಕಿದರು.

ಅಕ್ಕನನ್ನು ನೋಡಲು ಒಂದು ರಜೆಯ ದಿನ ಹೋದೆ. ಮಾಗಡಿಗೆ ರೈಲಿಲ್ಲ. ಕೂಟಗಲ್ ದಾಟಿ ಬಂಡೆಗಳ ನಡುವೆ ಬಸ್ಸು ತೆವಳಿಕೊಂಡು ಹೋಗುತ್ತದೆ. ಅವಳ ಮನೆಯಲ್ಲಿ ನನ್ನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಲಿಲ್ಲ. ಬೀಗರ ಮನೆಯ ಹುಡುಗಿಯನ್ನು ಸುಮ್ಮನೆ ಕೂರಿಸಿದರೆ ಅವಮಾನವೆಂದು ಒಬ್ಬರಾದ ಮೇಲೆ ಒಬ್ಬರು ಬಂದು ಮಾತಾಡಿಸಿದರು. ಹಿತ್ತಿಲಲ್ಲಿ ಅಕ್ಕ ಪಾತ್ರೆ ತೊಳೆಯುವಾಗ ಅತ್ತೆ ಪಕ್ಕದಲ್ಲೇ ಕೂತು ಕಾಯಿ ತುರಿಯುತ್ತಿದ್ದರು. ಅಕ್ಕನ ಮುಂಗೈ ಮೇಲೆ ಹಳದಿಗಟ್ಟಿದ ಗುರುತಿತ್ತು. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ಬಾಗಿ ಕೇಳಬೇಕಾಯಿತು.

ಪಾತ್ರೆಯ ಸದ್ದಿನ ನಡುವೆಯೇ ನಾವು ಒಂದು ಒಪ್ಪಂದ ಮಾಡಿಕೊಂಡೆವು. ಅದಕ್ಕೆ ಪದ ಆರಿಸುವುದು ಸುಲಭವಾಗಿರಲಿಲ್ಲ. ಆ ಭಾಷೆಯ ಎಷ್ಟೋ ಪದಗಳು ಇಂಗ್ಲಿಷಿನ ನೆಂಟರು. ಸಹಾಯ, ಪೊಲೀಸು, ಆಸ್ಪತ್ರೆ ಇವುಗಳಲ್ಲಿ ಯಾವುದನ್ನು ಹೇಳಿದರೂ ಆ ಮನೆಯ ಮಕ್ಕಳಿಗೂ ಅರ್ಥವಾಗಿಬಿಡುತ್ತಿತ್ತು. ಯಾವುದರ ಹಾಗೂ ಕೇಳಿಸದ ಮಾತು ಬೇಕಿತ್ತು. ‘ಪ್ರೇನು ಮಿನ್’ ಎಂದುಕೊಂಡೆವು. ನನ್ನನ್ನು ಕರೆದುಕೊಂಡು ಹೋಗು. ಅವಳು ಅದನ್ನು ಹೇಳಿದ ದಿನವೇ ನಾನು ಬರುವುದು, ಅಪ್ಪ ಬರಲಿ ಬಿಡಲಿ. ಅತ್ತೆ ತುರಿಮಣೆಯಿಂದ ತಲೆಯೆತ್ತಿ, "ಪಾಠ ಸುರುವಾಯ್ತಾ ಅಕ್ಕತಂಗೀರ್ದು?" ಎಂದು ನಕ್ಕರು. ನನಗೆ ಒಂದು ಹಿಡಿ ಕಾಯಿತುರಿಗೆ ಬೆಲ್ಲ ಹಾಕಿ ಕೊಟ್ಟರು.

ಅಂದಿನಿಂದ ಅಕ್ಕನ ಕಡತವನ್ನು ನಾನು ಬೇರೆ ಕಾರಣಕ್ಕೆ ತೆರೆಯತೊಡಗಿದೆ. ಅಲ್ಲಿ ಅವಳಿಗೆ ಕಂಪ್ಯೂಟರಿರಲಿಲ್ಲ. ಅವಳು ಯಾವ ಪದವನ್ನು ಎಷ್ಟು ಬಲವಾಗಿ ಕಲಿತಿದ್ದಳು, ಅದು ಯಾವ ವಾರ ಕೈತಪ್ಪಬಹುದು ಎಂಬ ಲೆಕ್ಕ ಮಾತ್ರ ನನ್ನ ಮೇಜಿನ ಮೇಲಿತ್ತು. ಶನಿವಾರ ಸಂಜೆ ಆ ವಾರ ಮರೆಯಲಿರುವ ಪದಗಳನ್ನು ನೋಡಿಕೊಂಡು, ಭಾನುವಾರದ ಫೋನಿನಲ್ಲಿ ಅವನ್ನು ಹೇಗಾದರೂ ತುರುಕುತ್ತಿದ್ದೆ. ಕೀಲಿಕೈ, ಗಿಡ, ಗಾಯ, ನೀರು, ಹೆದರಿಕೆ. ಅವಳು ಪ್ರತಿ ಪದವನ್ನು ತಿರುಗಿ ಹೇಳಿದರೆ ಅದು ಇನ್ನೊಂದಿಷ್ಟು ದಿನ ಉಳಿಯಿತೆಂದು ನನ್ನ ಲೆಕ್ಕ. ಹೊಸ ಪದ ಕಲಿಯುವುದನ್ನು ನಾನು ನಿಲ್ಲಿಸಿದೆ. ಅವಳಿಗೆ ಬಾರದ ಪದ ನನಗೆ ಬೇಕಿರಲಿಲ್ಲ.

ಮಾಘ ಮಾಸದ ಹೊತ್ತಿಗೆ ಅವಳ ಉತ್ತರಗಳು ಕಡಿಮೆಯಾದವು. ನಾನು ಕೇಳಿದರೆ ಸ್ವಲ್ಪ ತಡೆದು, "ಮರ್ತೋಯ್ತು ಕಣೆ," ಎನ್ನುವಳು. ಮೊದಲು ಅಪರೂಪದ ಪದಗಳು. ಆಮೇಲೆ ಹೆದರಿಕೆ ಎಂಬುದೂ ಮರೆತುಹೋಯಿತು. ಕಡತದ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ನಾನು ಲೆಕ್ಕವನ್ನು ನಂಬಿದೆ. ಪ್ರೇನು ಮಿನ್ ಒಂದಾದರೂ ಉಳಿದರೆ ಸಾಕೆಂದುಕೊಂಡು, ಪ್ರತಿ ವಾರ ಆ ‘ಪ್ರೇನು’ ತೆಗೆದುಕೋ ಎಂಬ ಅರ್ಥದಲ್ಲಿ ಬೇರೆ ಯಾವುದೋ ವಾಕ್ಯದಲ್ಲಿ ಬರುವಂತೆ ಮಾಡುತ್ತಿದ್ದೆ. ಹಾಲು ತೆಗೆದುಕೋ, ಕೊಡೆ ತೆಗೆದುಕೋ ಎಂದು. ಪ್ರೇನು ಮಿನ್ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಒಂದು ಭಾನುವಾರ ಅತ್ತೆ ಸಂಭ್ರಮದಿಂದ, "ನಿಮ್ಮಕ್ಕ ಬಸುರಿ ಕಣವ್ವ!" ಎಂದರು.

ಏಳನೆಯ ತಿಂಗಳಲ್ಲಿ ಸೀಮಂತ ಮಾಡಿ, ಬಾಣಂತನಕ್ಕೆಂದು ಅಕ್ಕನನ್ನು ಮನೆಗೆ ಕರೆತಂದರು. ಇನ್ನು ಸ್ಪೀಕರಿಲ್ಲ, ಸುತ್ತ ಕೂತವರಿಲ್ಲ. ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತಾಳೆಂದು ನಾನು ಕಾದೆ. ಅವಳು ಹೇಳಲಿಲ್ಲ. ಕಾಲು ಚಾಚಿಕೊಂಡು ಕದಿರುಗಳನ್ನು ನೋಡುತ್ತಾ ಕೂರುತ್ತಿದ್ದಳು. ಎಲ್ಲಾದರೂ ಎಳೆ ಕಿತ್ತರೆ ಅಪ್ಪನಿಗಿಂತ ಮುಂಚೆ ಅವಳ ಬೆರಳು ಕೊಕ್ಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಅವಳ ಕಡತ ತೆರೆದೆ. ಬಾಕಿಯ ಅಂಕಿ ನೋಡಿ, "ಅಮ್ಮಮ್ಮಾ, ಇಷ್ಟೊಂದಾ!" ಎಂದಳು. ಮೊದಲಿನಿಂದ ಮತ್ತೆ ಕಲಿಸಬೇಕೆಂದು ನಾನು ಪಕ್ಕದಲ್ಲಿ ಕೂತೆ. ಮೊದಲ ಪದ ಬಂತು. ಅರ್ಥ ಹೇಳಿ, ನೆನಪಿತ್ತು ಎಂದು ಒತ್ತಿದಳು. ಎರಡನೆಯದು, ಮೂರನೆಯದು. ಗಾಯ. ಕೀಲಿಕೈ. ಫೋನಿನಲ್ಲಿ ಮರೆತೆನೆಂದಿದ್ದ ಒಂದೊಂದೂ ಬಂತು, ಒಂದೊಂದನ್ನೂ ಹೇಳಿದಳು. ಹೆದರಿಕೆ ಬಂದಾಗಲೂ ತಡವರಿಸಲಿಲ್ಲ. ಸುಳ್ಳು ಒತ್ತಿರಬಹುದೆಂದು ಯಾರ ವಿಷಯದಲ್ಲಾದರೂ ಅನುಮಾನಿಸಬಹುದಿತ್ತು, ಅವಳ ವಿಷಯದಲ್ಲಲ್ಲ. ಉತ್ತರ ಕಾಣುವ ಮುಂಚೆಯೇ ಬಾಯಿಬಿಟ್ಟು ಹೇಳುತ್ತಿದ್ದಳು.

"ಮರ್ತೋಯ್ತು ಅಂತಿದ್ಯಲ್ಲ?"

ಅವಳು ಪರದೆ ನೋಡುತ್ತಲೇ ಇದ್ದಳು. "ನೆನ್ಪೈತೆ ಅಂದ್ರೆ ನೀನು ಕೇಳ್ತಾನೇ ಇರ್ತಿದ್ದೆ. ವಾರ ವಾರ ಕೇಳೋದು, ನಾನು ವಾರ ವಾರ ಹೇಳೋದು. ಆಮೇಲೆ?"

"ಆಮೇಲೆ ಬತ್ತಿದ್ದೆ. ಕರ್ಕೊಂಡು ಬತ್ತಿದ್ದೆ."

"ಎಲ್ಲಿಗೆ?"

ಹಜಾರದಲ್ಲಿ ಯಂತ್ರ ಓಡುತ್ತಿತ್ತು.

"ಅಮ್ಮಂಗೆ ಗೌರಿ ಹಬ್ಬಕ್ಕೆ ಬಂದಾಗ್ಲೇ ಹೇಳಿದ್ದೆ ಕಣೆ," ಎಂದಳು. "ಕನ್ನಡ್ದಲ್ಲೇ ಹೇಳಿದ್ದೆ. ಬೆನ್ನೂ ತೋರ್ಸಿದ್ದೆ. ಎಣ್ಣೆ ಹಚ್ಚುದ್ರು. ಅಪ್ಪಂಗೂ ಗೊತ್ತಿತ್ತು. ಹಬ್ಬ ಮುಗುದ್ ಮಾರ್ನೇ ದಿನ ಬಸ್ಸಿಗೆ ಹತ್ಸುದ್ರು."

ಗೌರಿ ಹಬ್ಬ ದೀಪಾವಳಿಗಿಂತ ಎರಡು ತಿಂಗಳು ಮುಂಚೆ ಬರುತ್ತದೆ. ನಾನು ಅಮ್ಮನ ಮುಂದೆ ನಿಂತು ಆ ಮೂರು ಪದಗಳನ್ನು ಕನ್ನಡಕ್ಕೆ ತಂದು ಹೇಳಿದಾಗ ಅಮ್ಮ ಒಲೆಯ ಕಡೆ ತಿರುಗಿದ್ದು ನೆನಪಾಯಿತು.

ನಾನು ನನ್ನಲ್ಲಿದ್ದುದನ್ನೆಲ್ಲ ಹೇಳಿದೆ. ನನಗೆ ಸಂಬಳ ಬರುತ್ತದೆ, ನಮ್ಮ ಕಾರ್ಖಾನೆ ಹತ್ತಿರ ಬಿಡದಿಯಲ್ಲಿ ಒಂದು ರೂಮು ಹಿಡಿಯೋಣ, ಮಗುವನ್ನು ನಾವಿಬ್ಬರೇ ನೋಡಿಕೊಳ್ಳೋಣ. ಅವಳು ಅರ್ಧ ಕೇಳಿ, "ಆ ರೂಮಿನ್ ಮುಂದೇನೇ ದಿನಾ ಅವ್ರ ಟೆಂಪೊ ಹೋಯ್ತದೆ," ಎಂದಳು. ಆಮೇಲೆ ಉಳಿದ ಪದಗಳನ್ನು ಒಂದನ್ನೂ ಬಿಡದೆ ಮುಗಿಸಿ, ಬಾಕಿ ಇಲ್ಲವೆಂದು ಪರದೆ ತೋರಿಸಿದ ಮೇಲೆ ಎದ್ದಳು.

ಹೆಣ್ಣು ಮಗುವಾಯಿತು. ಬಾಣಂತನದ ಉದ್ದಕ್ಕೂ ನಾನು ಬಿಡದಿಯ ಮಾತು ಎತ್ತುತ್ತಲೇ ಇದ್ದೆ. ಅವಳು ಬೇಡವೆಂದೂ ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಮಗುವಿಗೆ ಐದು ತಿಂಗಳು ತುಂಬಿದ ಮೇಲೆ ಭಾವ ಟೆಂಪೊ ತಂದರು. ಸೀಟುಗಳನ್ನು ಒರೆಸಿ, ಮುಂದೆ ಹೂವಿನ ಹಾರ ಹಾಕಿದ್ದರು. ಅಮ್ಮ ಅಕ್ಕನ ಮಡಿಲಿಗೆ ಅಕ್ಕಿ, ಕಾಯಿ, ಬೆಲ್ಲ ತುಂಬಿದರು. ಅವತ್ತು ಅಪ್ಪ ಯಂತ್ರ ನಿಲ್ಲಿಸಿರಲಿಲ್ಲ. ಮಗಳನ್ನು ಕಳಿಸಿಕೊಡುವ ಹೊತ್ತಿನಲ್ಲೂ ಅದು ಓಡುತ್ತಿತ್ತು.

ಅಕ್ಕ ಮಗುವನ್ನು ಎತ್ತಿಕೊಂಡು ಹೊಸಿಲು ದಾಟಿದಳು. ನಾನು ಎಲ್ಲರ ಮುಂದೆ ಜೋರಾಗಿ ಮಾತಾಡುವವಳಲ್ಲ. ಅವತ್ತು ಬಾಗಿಲಲ್ಲಿ ನಿಂತು, "ರೆಸ್ತು!" ಎಂದು ಕೂಗಿದೆ. ನಿಲ್ಲು, ಇಲ್ಲೇ ಇರು. ಭಾವ ತಿರುಗಿ, "ಏನಂತೆ?" ಎಂದರು. ಅಮ್ಮ, "ಅವ್ರುದ್ದೇನೋ ಕಂಪ್ಯೂಟ್ರು," ಎಂದರು.

ಅಕ್ಕ ನನ್ನನ್ನು ನೋಡಿದಳು. ಮಗುವಿನ ತಲೆ ಎಡ ಭುಜದ ಮೇಲಿತ್ತು. ಬಲಗೈ ಖಾಲಿ. ಅಂಗೈಯನ್ನು ಕೆಳಮುಖ ಮಾಡಿ ಗಾಳಿಯಲ್ಲಿ ಒಮ್ಮೆ ಸವರಿದಳು. ಬಿಡು, ಓಡಲಿ. ಹಜಾರದೊಳಗಿಂದ ಅಪ್ಪನೂ ಅದನ್ನು ಕಂಡರು. ನಮ್ಮ ಮನೆಯಲ್ಲಿ ಆ ಸನ್ನೆ ಅರ್ಥವಾಗದವರು ಯಾರೂ ಇಲ್ಲ. ಅವರು ಬಗ್ಗಿ, ಕಿತ್ತೇ ಇಲ್ಲದ ಒಂದು ಎಳೆಯನ್ನು ಹುಡುಕತೊಡಗಿದರು.

ಭಾನುವಾರ ಈಗಲೂ ಫೋನು ಮಾಡುತ್ತೇನೆ. ನಾನು ಏನನ್ನೂ ಕೇಳುವುದಿಲ್ಲ. ಕೆಲವು ವಾರಗಳ ಹಿಂದೆ ಅತ್ತೆ, "ಆ ನಿಮ್ ಭಾಷೆ ಒಸಿ ಆಡ್ರವ್ವಾ. ಅದ ಕೇಳುದ್ರೆ ಈ ಮುಂಡೇದು ಕಿಲಕಿಲ ನಗ್ತದೆ," ಎಂದರು. ಆಮೇಲೆ ಅಕ್ಕ ಮಗುವಿಗೆ ಕೇಳಿಸುವಂತೆ ಬಿಡಿಸಿ ಬಿಡಿಸಿ ಹೇಳಿದಳು. "ಸೂನೊ."

"ಸೂರ್ಯ," ಎಂದೆ ನಾನು.

"ಆರ್ಬೊ."

"ಮರ."

"ಬಿರ್ದೊ."

"ಹಕ್ಕಿ."

ಮಗು ನಕ್ಕಿತು, ಸುತ್ತ ಕೂತವರೂ ನಕ್ಕರು. ಅಕ್ಕ ತಾನು ಮೊದಮೊದಲು ಕಲಿತ ಪದಗಳನ್ನು ಕಲಿತ ಕ್ರಮದಲ್ಲೇ ಹೇಳುತ್ತಾ ಹೋದಳು. ಮನೆ, ನೀರು, ಮೋಡ, ದಾರ. ಬೇಯಿಸು, ಸ್ನಾನ ಮಾಡು ಎಂಬವುಗಳವರೆಗೆ ಬಂದು, ಅದೇ ಸಂಜೆಯ ಮುಂದಿನ ಕ್ರಿಯಾಪದಕ್ಕೆ ಮುಂಚೆ ನಿಲ್ಲಿಸಿ, "ಅಷ್ಟೇ ನೆನ್ಪಿರೋದು ಅತ್ತೆ," ಎಂದಳು.